ಐವತ್ತು ಹೆಂಗಸರಿದ್ದರೆ ಒಂದು ತೊಟ್ಟಿಲ ಕೋಣೆ

ಪರೇಲ್, ಲಾಲ್‌ಬಾಗ್ ಕಡೆ ಓಡಾಡುವವರಿಗೆ ಈಗ ಗಿರಣಿಗಳ ಚಿಮಣಿ ಕಾಣಿಸುವುದೇ ಅಪರೂಪ. ಆ ಜಾಗದಲ್ಲೆಲ್ಲ ಮಾಲ್‌ಗಳು, ಗಾಜಿನ ಆಫೀಸುಗಳು ಎದ್ದಿವೆ. ಅಲ್ಲಿ ದುಡಿಯುವ ನಮ್ಮ ಹೆಣ್ಣುಮಕ್ಕಳು, ಸೊಸೆಯಂದಿರು ಕೂಸನ್ನು ಯಾವ ಪಾಳಣಾಘರ್‌ನಲ್ಲಿ ಬಿಡುವುದು, ಅಲ್ಲಿ ಶೀತ ಜ್ವರ ಹತ್ತಿಸಿಕೊಂಡು ಬಂದರೇನು ಗತಿ ಅಂತ ತಲೆ ಕೆಡಿಸಿಕೊಳ್ಳುತ್ತಾರಲ್ಲ, ಇದೇ ನೆಲದಲ್ಲಿ ನೂರು ವರ್ಷದ ಹಿಂದೆ ನೂಲು ಸುತ್ತುತ್ತಿದ್ದ ಹೆಂಗಸರಿಗೂ ಅದೇ ಚಿಂತೆ ಇತ್ತು. ಅವರು ಕಂಡುಕೊಂಡಿದ್ದ ಉಪಾಯ ಕೇಳಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಅಫೀಮು!

ಬಾಳ್‌ಗೋಳಿ ಅಂತ ಅದಕ್ಕೆ ಹೆಸರು. ಮಕ್ಕಳ ಗುಳಿಗೆ ಅಂತ ಮರಾಠಿಯಲ್ಲಿ ಅರ್ಥ. ಕೆಲಸಕ್ಕೆ ಹೊರಡುವ ಮುಂಚೆ ಮಗುವಿನ ಬಾಯಿಗೆ ಒಂದಿಷ್ಟು ಹಾಕಿದರೆ ಅದು ಗಂಟೆಗಟ್ಟಲೆ ಮಿಸುಕುತ್ತಿರಲಿಲ್ಲ. 1922ರಲ್ಲಿ ಡಾ. ಬಾರ್ನ್ಸ್ ಎಂಬ ವೈದ್ಯೆ ಮುಂಬೈನ ಕಾರ್ಖಾನೆ ಹೆಂಗಸರ ಸ್ಥಿತಿಗತಿ ವಿಚಾರಿಸಿ ವರದಿ ಕೊಟ್ಟರು. ಅದರ ಪ್ರಕಾರ ಈ ತಾಯಂದಿರ ಕೂಸುಗಳಲ್ಲಿ ನೂರಕ್ಕೆ 98 ಕೂಸುಗಳಿಗೆ ಅಫೀಮು ತಿನ್ನಿಸಲಾಗುತ್ತಿತ್ತು. ಅಫೀಮು ತಿಂದ ಮಗು ಹಸಿದರೂ ಅಳುವುದಿಲ್ಲ, ಅಪಾಯ ಇರುವುದೇ ಅಲ್ಲಿ. ಮೊಲೆ ಕೊಟ್ಟರೂ ಸರಿಯಾಗಿ ಚೀಪುವುದಿಲ್ಲ. ದಿನೇ ದಿನೇ ಸೊರಗುತ್ತದೆ, ಆಮೇಲೆ ಒಂದು ಭೇದಿಯೋ ಎದೆಗಟ್ಟುವ ಶೀತವೋ ಬಂದರೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

1921ರಲ್ಲಿ ಮುಂಬೈನಲ್ಲಿ ದಾಖಲಾದ ಶಿಶುಮರಣ ಸಾವಿರ ಜನನಕ್ಕೆ 650ಕ್ಕೂ ಮೇಲೆ. ಮೂರು ಕೂಸಿಗೆ ಎರಡು! ನಾನು ಬಿಕಾಂ ಓದಿ ಬ್ಯಾಂಕು ಸೇರಿದವನು, ಇಂಥ ಅಂಕಿ ಕಂಡರೆ ಮೊದಲು ಛೇದ ಯಾವುದು ಅಂತ ಹುಡುಕುವುದು ಅಭ್ಯಾಸ. ಎಷ್ಟೋ ಹೆಂಗಸರು ಹೆರಿಗೆಗೆ ಊರಿಗೆ ಹೋಗುತ್ತಿದ್ದರು. ಜನನ ಅಲ್ಲಿಯ ಲೆಕ್ಕಕ್ಕೆ, ಕೂಸನ್ನು ಎತ್ತಿಕೊಂಡು ವಾಪಸು ಬಂದಮೇಲೆ ಸಾವು ಮುಂಬೈ ಲೆಕ್ಕಕ್ಕೆ. ಹಾಗಾಗಿ ಈ ಅಂಕಿ ಉಬ್ಬಿದ್ದು. ಉಬ್ಬಿದ್ದನ್ನು ಕಳೆದರೂ ಉಳಿಯುವುದು ಭಯಂಕರವೇ.

ಆ ತಾಯಂದಿರನ್ನು ಬೈಯುವುದು ಸುಲಭ. ಆದರೆ ದಿನಕ್ಕೆ ಹತ್ತು ಗಂಟೆ ಕೆಲಸ, ಚಾಳಿನ ಒಂದೇ ಕೋಣೆ, ಮನೆಯಲ್ಲಿ ನೋಡಿಕೊಳ್ಳುವ ಅತ್ತೆಯೋ ಅಮ್ಮನೋ ಇಲ್ಲ. ಕೂಸನ್ನು ಗಿರಣಿಗೇ ಹೊತ್ತುಕೊಂಡು ಹೋದರೆ ಹತ್ತಿಯ ಧೂಳಿನಲ್ಲಿ, ಯಂತ್ರದ ಪಕ್ಕದಲ್ಲಿ ಮಲಗಿಸಬೇಕು. ತೆವಳುವ ಮಗುವಾದರಂತೂ ಮುಗಿದೇ ಹೋಯಿತು. ನಿದ್ದೆಗೆ ಕೆಡವುವುದೇ ಕ್ಷೇಮ ಅನ್ನಿಸಿದ್ದರೆ ಆಶ್ಚರ್ಯವೇನು?

1931ರಲ್ಲಿ ವಿಟ್ಲಿ ಆಯೋಗ, ಅಂದರೆ ಕಾರ್ಮಿಕರ ಬಗೆಗಿನ ರಾಯಲ್ ಕಮಿಷನ್, ಗಿರಣಿಗಳಲ್ಲಿ ಶಿಶುಪಾಲನೆಯ ಕೋಣೆ ಬೇಕು ಅಂತ ಹೇಳಿತು. 1934ರ ಫ್ಯಾಕ್ಟರಿ ಕಾಯ್ದೆಯಲ್ಲಿ ಅದಕ್ಕೊಂದು ಜಾಗ ಸಿಕ್ಕಿತು. ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಿಸುವ ಅಧಿಕಾರ ಪ್ರಾಂತೀಯ ಸರ್ಕಾರಗಳಿಗೆ ಬಂತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾಯ್ದೆಯ 48ನೇ ಸೆಕ್ಷನ್ ಇದನ್ನು ಕಡ್ಡಾಯ ಮಾಡಿತು. ಐವತ್ತು ಹಾಗೆಯೇ ಉಳಿಯಿತು.

ಆ ಕಾಯ್ದೆಯಡಿ ರಾಜ್ಯಗಳು ಮಾಡಿಕೊಂಡ ನಿಯಮಗಳನ್ನು ಓದಿದರೆ ನನಗೆ ಒಂಥರಾ ಗೌರವ ಮೂಡುತ್ತದೆ. ಸರ್ಕಾರಿ ಭಾಷೆಯೇ, ಆದರೆ ಬರೆದವರಿಗೆ ಮಕ್ಕಳು ಯಾವುದರಿಂದ ಸಾಯುತ್ತಾರೆ ಅಂತ ಗೊತ್ತಿತ್ತು. ಪ್ರತಿ ಮಗುವಿಗೂ ಹಾಸಿಗೆ ಸಮೇತ ತೊಟ್ಟಿಲು. ನಾಲ್ಕು ಮಕ್ಕಳಿಗೊಂದು ತೊಳೆಯುವ ಬೋಗುಣಿ. ಸೋಪು, ಶುಭ್ರವಾದ ಟವೆಲು, ಬದಲಿಸಲು ಒಗೆದ ಬಟ್ಟೆ. ಒಂದೇ ಟವೆಲಿನಲ್ಲಿ ಹತ್ತು ಮುಖ ಒರೆಸಿದರೆ ಕಣ್ಣುಬೇನೆ, ಕಜ್ಜಿ ಮನೆಮನೆಗೂ ಹೋಗುತ್ತದೆ ಅಂತ ನಮ್ಮ ಅಜ್ಜಿಯಂದಿರಿಗೂ ಗೊತ್ತಿತ್ತು ಬಿಡಿ. ದಿನವೂ ಶುದ್ಧ ಹಾಲು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು: ತಾಯಿಗೆ ಮೊಲೆಯೂಡಿಸಲು ಎರಡು ಸಲ, ತಲಾ ಹದಿನೈದು ನಿಮಿಷ ಬಿಡುವು. ಎದೆಹಾಲು ಕುಡಿಯುವ ಕೂಸಿಗೆ ಬಾಟಲಿಯ ಸೋಂಕಿಲ್ಲ. ಆ ಅರ್ಧ ಗಂಟೆ ಔಷಧಿಗಿಂತ ಹೆಚ್ಚು.

ಆದರೆ ಕಾಗದದ ಮೇಲೆ ತೊಟ್ಟಿಲಿದ್ದರೂ ಮಗು ಬರಬೇಕಲ್ಲ! ಬೆಳಗಿನ ನೂಕುನುಗ್ಗಲಿನಲ್ಲಿ ಕೂಸನ್ನು ಎತ್ತಿಕೊಂಡು ಗಿರಣಿಗೆ ಬರುವುದು ಕಷ್ಟ. ಬಂದರೂ ಆಯಾ ಯಾರೋ ಏನೋ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. 1920ರ ದಶಕದಲ್ಲಿ ಮುಂಬೈ ಗಿರಣಿಗಳಲ್ಲಿ ಹೆಚ್ಚು ಕಡಿಮೆ ಐವರಿಗೆ ಒಬ್ಬಳು ಹೆಂಗಸು. ಆಮೇಲೆ ಅವರ ಪಾಲು ಕರಗುತ್ತಲೇ ಹೋಯಿತು. ಹೊಸ ಯಂತ್ರ ಬಂತು, ರಾತ್ರಿ ಪಾಳಿ ಹೆಂಗಸರಿಗೆ ನಿಷೇಧವಿತ್ತು, ಹೆರಿಗೆ ಭತ್ಯೆಯ ಖರ್ಚು ಬೇರೆ. ಹೆಂಗಸರಿದ್ದರೆ ಖರ್ಚು ಅಂತ ಮಾಲೀಕರು ಲೆಕ್ಕ ಹಾಕಿದರು. 1976ರ ತಿದ್ದುಪಡಿಯಲ್ಲಿ ಐವತ್ತನ್ನು ಮೂವತ್ತಕ್ಕೆ ಇಳಿಸಿದರು. ಅಷ್ಟರಲ್ಲಿ ಗಿರಣಿ ಹೆಂಗಸರ ಕಾಲವೇ ಮುಗಿಯುತ್ತ ಬಂದಿತ್ತು.

ಹಾಗಾದರೆ ಹಳ್ಳಿಯಿಂದ ಬಂದ ಬಡ ಹೆಂಗಸರು ಎಲ್ಲಿಗೆ ಹೋದರು? ಬಹಳಷ್ಟು ಮಂದಿ ಕಟ್ಟಡ ಕೆಲಸಕ್ಕೆ. ಮುಂಬೈ, ಪುಣೆಯಲ್ಲಿರುವ ನೀವು ನೋಡಿಯೇ ಇರುತ್ತೀರಿ, ಸಿಮೆಂಟ್ ಬುಟ್ಟಿ ಹೊತ್ತ ಹೆಂಗಸು ಅಪ್ಪಟ ಕಲಬುರಗಿ ಕನ್ನಡದಲ್ಲಿ ಮಗುವನ್ನು ಗದರುವುದನ್ನು. ಯಾದಗಿರಿ, ರಾಯಚೂರು, ಕಲಬುರಗಿಯ ಬರದ ಊರುಗಳಿಂದ ಬಂದವರು. ಅವರ ಕೂಸು ಮಲಗುವುದು ಮರಳಿನ ಗುಡ್ಡೆಯ ಮೇಲೆ.

ಅಂಥ ಕೂಸುಗಳನ್ನು ನೋಡಿ ಸುಮ್ಮನಿರಲಾರದೆ ಮೀರಾ ಮಹದೇವನ್ 1969ರಲ್ಲಿ ದೆಹಲಿಯ ರಾಜಘಾಟ್ ಬಳಿ ಒಂದು ಡೇರೆ ಹಾಕಿಸಿದರು. ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕೆ ಕಟ್ಟಡ ಏಳುತ್ತಿದ್ದ ಜಾಗ ಅದು. ಮೊಬೈಲ್ ಕ್ರೆಶಸ್ ಶುರುವಾಗಿದ್ದು ಹೀಗೆ. ಕಟ್ಟಡ ಮುಗಿದರೆ ಕೂಲಿಯವರು ಹೊರಡುತ್ತಾರೆ, ಅವರ ಜೊತೆ ಕ್ರೆಶ್ ಕೂಡ ಹೊರಡಬೇಕು ಅನ್ನುವುದು ಹೆಸರಿನಲ್ಲೇ ಇದೆ. 1972ರಲ್ಲಿ ಅದು ಮುಂಬೈಗೂ ಬಂತು. ಬರೀ ಮಕ್ಕಳನ್ನು ಕಾಯ್ದರೆ ಸಾಲದು ಅಂತ ಅವರಿಗೆ ಬೇಗನೆ ಗೊತ್ತಾಯಿತು. ಬಂದ ಕೂಸುಗಳಲ್ಲಿ ಎಷ್ಟೋ ಬಡಕಲು, ಭೇದಿ, ಹುಣ್ಣು. ಆದ್ದರಿಂದ ತೂಕ ನೋಡುವುದು, ಊಟ, ವೈದ್ಯರ ಭೇಟಿ, ಲಸಿಕೆ ಎಲ್ಲ ಸೇರಿಕೊಂಡವು.

ಈ ಲಸಿಕೆಯ ವಿಷಯ ಸ್ವಲ್ಪ ಹೇಳಬೇಕು. ಮಕ್ಕಳು ಒಂದೇ ಕೋಣೆಯಲ್ಲಿ ಸೇರಿದರೆ ದಡಾರ ಹರಡುವುದಕ್ಕೆ ಹೊತ್ತು ಬೇಡ. ಹಾಗಾಗಿ ಲಸಿಕೆಯಿಲ್ಲದ ಕ್ರೆಶ್ ಅಪಾಯವೇ. ಆದರೆ ಊರಲ್ಲಿ ಮೊದಲ ಚುಚ್ಚುಮದ್ದು, ಎರಡನೆಯದು ಪುಣೆಯಲ್ಲಿ, ಮೂರನೆಯದರ ಹೊತ್ತಿಗೆ ತಾಯಿ ಗೋವಾದಲ್ಲಿ. ಕಾರ್ಡು ಮಳೆಯಲ್ಲಿ ನೆನೆದು ಹೋಗಿರುತ್ತದೆ. ಕೋರ್ ಬ್ಯಾಂಕಿಂಗ್ ಬರುವ ಮುಂಚೆ ನಮ್ಮ ಪಾಸ್‌ಬುಕ್ ಹೀಗೇ ಇತ್ತು, ಒಂದು ಶಾಖೆಯದು ಇನ್ನೊಂದು ಶಾಖೆಯಲ್ಲಿ ನಡೆಯುತ್ತಿರಲಿಲ್ಲ.

ಸರ್ಕಾರ 1975ರ ಅಕ್ಟೋಬರ್ 2ರಂದು 33 ಕಡೆ ಐಸಿಡಿಎಸ್ ಶುರು ಮಾಡಿತು. ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅಂಗನವಾಡಿಯಿಂದ ಆಗಿರುವ ಉಪಕಾರ ದೊಡ್ಡದು. ಆದರೆ ಅದು ತಾಯಿಯ ದುಡಿಮೆಯ ಹೊತ್ತಿಗೆ ಹೊಂದಿಸಿ ಮಾಡಿದ್ದಲ್ಲ, ಆಕೆ ಮನೆಗೆ ಬರುವ ಎಷ್ಟೋ ಮುಂಚೆ ಬಾಗಿಲು ಹಾಕುತ್ತದೆ.

ಕಟ್ಟಡ ಕಾರ್ಮಿಕರಿಗಾಗಿ ಕಾಯ್ದೆ ಬಂದದ್ದು 1996ರಲ್ಲಿ. ಕ್ರೆಶ್ ಯಾವಾಗ ಅಂದರೆ ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದಾಗ! 1934ರ ಅಂಕಿ ಅಲ್ಲಾಡಿಲ್ಲ. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆಗೆ ತಿದ್ದುಪಡಿ ತಂದಾಗ ಗಂಡಸರನ್ನೂ ಸೇರಿಸಿ ಎಣಿಸಿದರು, ಅದು ಒಳ್ಳೆಯದೇ, ಹೆಂಗಸರನ್ನು ಕಡಿಮೆ ಮಾಡಿ ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು. ಸಂಖ್ಯೆ ಮತ್ತೆ ಐವತ್ತೇ.

ಮಕ್ಕಳನ್ನೇ ಎಣಿಸಿದ ಉದಾಹರಣೆ ಇಲ್ಲವೆಂದಲ್ಲ. ಕಾಫಿ, ಟೀ ತೋಟಗಳ ಕಾಯ್ದೆಗೆ 1981ರಲ್ಲಿ ತಿದ್ದುಪಡಿಯಾಗಿ, ಐವತ್ತು ಹೆಂಗಸರು ಇಲ್ಲದಿದ್ದರೂ ಇಪ್ಪತ್ತು ಮಕ್ಕಳಿದ್ದರೆ ಕ್ರೆಶ್ ಬೇಕು ಅಂತಾಯಿತು. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಐದೇ ಮಕ್ಕಳಿದ್ದರೂ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಕೂಲಿ ಕೊಡಬೇಕಿತ್ತು. 2023ರಲ್ಲಿ ಕರ್ನಾಟಕ ಸರ್ಕಾರ ಅದೇ ಕೂಲಿಯವರ ಮಕ್ಕಳಿಗಾಗಿ 4,000 'ಕೂಸಿನ ಮನೆ' ತೆರೆಯುವುದಾಗಿ ಹೇಳಿತು. ಹೆಸರು ಎಷ್ಟು ಚೆನ್ನಾಗಿದೆ ನೋಡಿ.

ಊರಲ್ಲಿ ಉಳಿದವರಿಗೆ ಇದು. ಊರು ಬಿಟ್ಟು ನಮ್ಮ ಮುಂಬೈಗೆ ಬಂದವರ ಲೆಕ್ಕವೇ ಬೇರೆ. ಇಲ್ಲಿ ಒಂದೇ ಕಟ್ಟಡದಲ್ಲಿ ಹತ್ತಾರು ಉಪಗುತ್ತಿಗೆದಾರರು, ಒಬ್ಬೊಬ್ಬರ ಹತ್ತಿರ ಹತ್ತು ಹನ್ನೆರಡು ಹೆಂಗಸರು. ಎಷ್ಟೋ ಕಡೆ ಗಂಡ ಹೆಂಡತಿಯನ್ನು ಒಂದು ಜೋಡಿ ಅಂತ ಹಿಡಿದು ಕೂಲಿಯನ್ನು ಗಂಡನ ಕೈಗೆ ಕೊಡುತ್ತಾರೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರೇ ಇರುವುದಿಲ್ಲ, ಇನ್ನು ಮರಳಿನ ಮೇಲೆ ಮಲಗಿರುವ ಕೂಸನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ?