ರಾಜಲಬಂಡಾ ಕಾಲುವೆ: ಒಂದು ಜಿಲ್ಲೆಯ ನೀರು, ಎರಡು ರಾಜ್ಯಗಳ ಗಡಿ

ಅಲಂಪುರದ ನವಬ್ರಹ್ಮ ಗುಡಿಗಳು ಬಾದಾಮಿ ಚಾಲುಕ್ಯರ ಕಾಲದವು ಎಂಬುದು ಕನ್ನಡ ಓದುಗರಿಗೆ ಗೊತ್ತು. ಅದೇ ಅಲಂಪುರದ ಹೊಲಗಳಿಗೆ ನೀರು ಹೊರಡುವುದು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಿಂದ ಎಂಬುದು ಅಷ್ಟು ಪರಿಚಿತವಲ್ಲ. ತುಂಗಭದ್ರೆಗೆ ಅಡ್ಡಲಾಗಿ ರಾಜಲಬಂಡಾದಲ್ಲಿ ಕಟ್ಟಿದ ಅಣೆಕಟ್ಟೆಯ ಎಡದಂಡೆಯಿಂದ ಈ ಕಾಲುವೆ ಶುರುವಾಗುತ್ತದೆ. ದಾಖಲೆಗಳಲ್ಲಿ ಅದು ರಾಜೋಳಿಬಂಡಾ ತಿರುವು ಯೋಜನೆ. ರೈತರ ಬಾಯಲ್ಲಿ ಬರೀ ಆರ್‌ಡಿಎಸ್. ಒಟ್ಟು ಉದ್ದ 143 ಕಿಲೋಮೀಟರ್. ಮೊದಲ 42 ಕಿಲೋಮೀಟರಿಗೂ ಮಿಕ್ಕಿ ಕರ್ನಾಟಕದಲ್ಲಿದೆ. ಆಮೇಲೆ ಗಡಿ ದಾಟಿ ತೆಲಂಗಾಣದ ಐಜ, ವಡ್ಡೇಪಲ್ಲಿ, ಮಾನೋಪಾಡುಗಳ ಸೀಮೆಯಲ್ಲಿ ಅಲಂಪುರದತ್ತ ಇಳಿಯುತ್ತದೆ.

ಕೃಷ್ಣಾ ತುಂಗಭದ್ರೆಯರ ನಡುವಿನ ಈ ನೆಲ ಕನ್ನಡ ಶಾಸನಗಳ ಎಡೆದೊರೆ ನಾಡು. ಅದರ ಮೂಡಣ ತುದಿಯನ್ನು ತೆಲುಗರು ನಡಿಗಡ್ಡ ಎನ್ನುತ್ತಾರೆ. ಹೆಸರು ಎರಡಾದರೂ ಭೂಮಿ ಒಂದೇ, ಮತ್ತು ಕಾಲುವೆಯನ್ನು ಯೋಜಿಸಿದ ಹೈದರಾಬಾದ್ ಸಂಸ್ಥಾನಕ್ಕೆ ಅದು ಒಂದೇ ಜಿಲ್ಲೆಯೂ ಆಗಿತ್ತು. ಗದ್ವಾಲ, ಅಲಂಪುರ ತಾಲ್ಲೂಕುಗಳು ಆಗ ರಾಯಚೂರು ಜಿಲ್ಲೆಗೆ ಸೇರಿದ್ದವು. ತುಂಗಭದ್ರೆಯ ನೀರಿನ ಬಗ್ಗೆ ಮದ್ರಾಸ್ ಮತ್ತು ಹೈದರಾಬಾದ್ 1944ರಲ್ಲಿ ಒಪ್ಪಂದಕ್ಕೆ ಬಂದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಆ ಎರಡು ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಯ ಪಾಲಾದವು. ಭಾಷೆಯ ಆಧಾರದ ಮೇಲೆ ಆದ ವಿಂಗಡಣೆ ನ್ಯಾಯವಾದದ್ದೇ. ಆದರೆ ಕಾಲುವೆಯ ತಲೆ ಒಂದು ರಾಜ್ಯದಲ್ಲಿ, ಬಾಲ ಇನ್ನೊಂದರಲ್ಲಿ ಉಳಿಯಿತು.

ಹಂಚಿಕೆಯ ಲೆಕ್ಕ ನೋಡಿದರೆ ತೊಡಕು ಎಲ್ಲಿದೆ ಎಂದು ತಿಳಿಯುತ್ತದೆ. ಕೃಷ್ಣಾ ಕೊಳ್ಳದ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಈ ಯೋಜನೆಗೆ ಕೊಟ್ಟದ್ದು 17.1 ಟಿಎಂಸಿ. ಅದರಲ್ಲಿ ಕರ್ನಾಟಕದ ಪಾಲು 1.2, ಉಳಿದ 15.9 ಗಡಿಯಾಚೆಗೆ. ಅಚ್ಚುಕಟ್ಟು ಕರ್ನಾಟಕದಲ್ಲಿ 5,879 ಎಕರೆ, ಆಚೆ 87,500 ಎಕರೆ. ಹೆಚ್ಚಿನ ನೀರು ಯಾರಿಗೆ ಸಲ್ಲಬೇಕೋ ಅವರ ಕೈಯಲ್ಲಿ ಅಣೆಕಟ್ಟೆ ಇಲ್ಲ. ಅಣೆಕಟ್ಟೆಯಲ್ಲಿ ನೀರು ಸಂಗ್ರಹಿಸಿಡುವ ಜಾಗವೂ ಇಲ್ಲ. ಹೊಳೆ ಬತ್ತಿದರೆ ಮೇಲಿನ ತುಂಗಭದ್ರಾ ಜಲಾಶಯದಿಂದ ಬಿಟ್ಟ ನೀರೇ ಗತಿ. ಹೂಳು ತುಂಬಿದ ಕಾಲುವೆಯಲ್ಲಿ ಆ ನೀರೂ ಕೊನೆಯ ಹೊಲಗಳನ್ನು ಮುಟ್ಟುವುದು ಕಷ್ಟ.

ಹೊಳೆಯ ಕೆಳಗೆ, ಆಂಧ್ರದಲ್ಲಿ, ಇನ್ನೊಬ್ಬರೂ ಕಾದಿದ್ದಾರೆ. ಸುಂಕೇಸುಲದಲ್ಲಿ ಹೊರಡುವ ಕರ್ನೂಲು ಕಡಪ ಕಾಲುವೆ 19ನೇ ಶತಮಾನದ ಮದ್ರಾಸ್ ನೀರಾವರಿ ಕಂಪನಿಯ ಕೆಲಸ. ಅದಕ್ಕೆ 39.9 ಟಿಎಂಸಿ ಹಕ್ಕಿದೆ. ರಾಜಲಬಂಡಾ ಅಣೆಕಟ್ಟೆಯ ತೂಬುಗಳು ತೆರೆದಿದ್ದು ನೀರು ಹೊಳೆಯಲ್ಲೇ ಕೆಳಗಿಳಿಯಬೇಕೆಂದು ಕರ್ನೂಲಿನ ರೈತರ, ಮುಚ್ಚಿರಬೇಕೆಂದು ಅಲಂಪುರದ ರೈತರ ಹಟ. 2003ರಲ್ಲಿ ಪ್ರತ್ಯೇಕ ರಾಜ್ಯಕ್ಕಾಗಿ ಹೋರಾಡುತ್ತಿದ್ದ ಕೆ. ಚಂದ್ರಶೇಖರ ರಾವ್ ಅಲಂಪುರದಿಂದ ಗದ್ವಾಲಕ್ಕೆ ಪಾದಯಾತ್ರೆ ಮಾಡಿದಾಗ ಕಾಲುವೆಯ ಹೆಸರು ತೆಲಂಗಾಣ ಚಳವಳಿಯ ಘೋಷಣೆಯಾಯಿತು. ಕೊನೆಯಂಚಿನ ಹೊಲಗಳಿಗಾಗಿ 2018ರಲ್ಲಿ ತುಮ್ಮಿಳ್ಳದಿಂದ ಏತ ನೀರಾವರಿಯೂ ಬಂತು.

ಆದರೂ ಈ ಕಾಲುವೆಯನ್ನು ಕರ್ನಾಟಕದಲ್ಲಿ ಅಂತರರಾಜ್ಯ ವ್ಯಾಜ್ಯವಾಗಿ, ತೆಲಂಗಾಣದಲ್ಲಿ ಅನ್ಯಾಯದ ಕಥೆಯಾಗಿ ಮಾತ್ರ ಓದುತ್ತ ಬಂದಿದ್ದೇವೆ. ಎರಡೂ ಅರ್ಧ ಓದು. ಇದರ ಚರಿತ್ರೆ ಬರೆಯಹೊರಟವರು ಗಡಿಯ ನಕ್ಷೆಯನ್ನು ಪಕ್ಕಕ್ಕಿಟ್ಟು, 1956ಕ್ಕೆ ಮುಂಚಿನ ರಾಯಚೂರು ಜಿಲ್ಲೆಯ ನಕ್ಷೆಯನ್ನು ಮೊದಲು ಬಿಚ್ಚಬೇಕು.