ಫೋಟೋದ ಹಿಂಬದಿ

ನೆಂಟರು ಬಂದಾಗ ಕಾಫಿ ಲೋಟದ ಹಿಂದೆಯೇ ಆಲ್ಬಮ್ಮೂ ಹೊರಗೆ ಬರುತ್ತಿದ್ದ ಕಾಲವೊಂದಿತ್ತು. ಕಪ್ಪು ದಪ್ಪ ಹಾಳೆಗಳು, ನಡುನಡುವೆ ತೆಳು ಕಾಗದ, ಫೋಟೋದ ನಾಲ್ಕು ಮೂಲೆಗೂ ಗೋಂದಿನ ಪುಟ್ಟ ತ್ರಿಕೋನಗಳು. “ಇದು ಜೋಗಕ್ಕೆ ಹೋದಾಗ, ಇದು ಬೃಂದಾವನದ ಕಾರಂಜಿ ಮುಂದೆ” ಎಂದು ಮನೆಯಾಕೆ ಪುಟ ತಿರುವುತ್ತಾ ಹೋಗುತ್ತಿದ್ದರು. “ನಮಗೂ ಒಂದು ಕಾಪಿ ಹಾಕಿಸಿಕೊಡಿ” ಎಂದು ನೆಂಟರು ಕೇಳಿದರೆ, ನೆಗೆಟಿವ್ ಹುಡುಕಿ, ಸ್ಟುಡಿಯೋಗೆ ಕೊಟ್ಟು, ಅಂಚೆಗೆ ಹಾಕುವುದೂ ಆಕೆಯದೇ ಕೆಲಸ. ಇದನ್ನು ಇತಿಹಾಸವೆಂದು ಯಾರೂ ಕರೆಯಲಿಲ್ಲ. ಮಕ್ಕಳಿಗೆ ಇತಿಹಾಸ ಹೇಳಿಯೇ ಹೊಟ್ಟೆ ಹೊರೆದ ನನಗೆ ಮಾತ್ರ ಇದೂ ಇತಿಹಾಸವೇ ಅನ್ನಿಸುತ್ತದೆ.

ಫೋಟೋ ಕಲೆ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. 1854ರ ಹೊತ್ತಿಗೆ ಮುಂಬಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿಯೇ ಹುಟ್ಟಿತ್ತು. ಆದರೆ ಅದು ದೊರೆಗಳ, ರಾಜರ ವಿದ್ಯೆ. ಸ್ಟುಡಿಯೋಕ್ಕೆ ಹೋದರೆ ಬಣ್ಣ ಬಳಿದ ಪರದೆ, ಕೆತ್ತನೆಯ ಕುರ್ಚಿ, ಮಿಸುಕಾಡದೆ ಕೂರಬೇಕು. ಗೋಷಾ ಪಾಲಿಸುವ ಹೆಂಗಸರಂತೂ ಅಲ್ಲಿಗೆ ಕಾಲಿಡುವಂತಿರಲಿಲ್ಲ. ಅವರಿಗಾಗಿಯೇ ರಾಜಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಪ್ರತ್ಯೇಕ ಜನಾನಾ ಸ್ಟುಡಿಯೋ ತೆರೆದರು. ಅಲ್ಲಿ ಫೋಟೋ ತೆಗೆಯುತ್ತಿದ್ದವರೂ ಒಬ್ಬ ಮಹಿಳೆಯೇ.

ಕ್ಯಾಮೆರಾ ಬಯಲಿಗೆ ಬಂದದ್ದಕ್ಕೆ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕಾರಣ. 1888ರಲ್ಲಿ ಆತ ಮಾರಿದ ಕೊಡಕ್ ಪೆಟ್ಟಿಗೆಯಲ್ಲಿ ನೂರು ಚಿತ್ರಗಳ ಸುರುಳಿ ಇರುತ್ತಿತ್ತು. ಗುಂಡಿ ಒತ್ತುವುದಷ್ಟೇ ಕೊಂಡವರ ಕೆಲಸ. ತೊಳೆಯುವುದು, ಮುದ್ರಿಸುವುದು ಕಂಪನಿಯ ಪಾಲು. ಬೆಲೆ ಮಾತ್ರ 25 ಡಾಲರ್. 1900ರಲ್ಲಿ ಬಂದ ಬ್ರೌನಿಗೆ ಒಂದೇ ಡಾಲರ್! ಕಂಪನಿಯ ಜಾಹೀರಾತುಗಳಲ್ಲಿ ಕ್ಯಾಮೆರಾ ಹಿಡಿದು ತಿರುಗಾಟಕ್ಕೆ ಹೊರಟ ಹುಡುಗಿಯೊಬ್ಬಳು ವರ್ಷಗಟ್ಟಲೆ ಕಾಣಿಸಿಕೊಂಡಳು. ಮನೆಯ ನೆನಪುಗಳನ್ನು ಜೋಪಾನ ಮಾಡುವವರು ಹೆಂಗಸರೆಂದು ಆ ವ್ಯಾಪಾರಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮಲ್ಲೂ ಹೆಂಗಸರು ಸುಮ್ಮನೆ ಕೂತಿರಲಿಲ್ಲ. ತ್ರಿಪುರಾದ ಮಹಾರಾಣಿ ಮನಮೋಹಿನಿ ದೇವಿ ಹತ್ತೊಂಬತ್ತನೆಯ ಶತಮಾನದಲ್ಲೇ ಅರಮನೆಯಲ್ಲಿ ಫೋಟೋ ತೆಗೆಯುವುದನ್ನು ಕಲಿತಿದ್ದರು. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎನಿಸಿಕೊಂಡ ಹೋಮಾಯಿ ವ್ಯಾರವಾಲಾ (1913–2012) ಕಾಲೇಜಿನಲ್ಲಿದ್ದಾಗ ಅವರಿಗೆ ಸಿಕ್ಕ ಮೊದಲ ಕೆಲಸ ಯಾವುದು ಗೊತ್ತೆ? ಒಂದು ಪಿಕ್ನಿಕ್ಕಿನ ಫೋಟೋ ತೆಗೆಯುವುದು. ಆದರೆ ಆರಂಭದಲ್ಲಿ ಅವರ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ. ಮುಂದೆ ನೆಹರೂ, ಗಾಂಧೀಜಿಯವರ ಚಿತ್ರಗಳನ್ನು ತೆಗೆದು, 2011ರಲ್ಲಿ ಪದ್ಮವಿಭೂಷಣ ಪಡೆದವರ ಕಥೆಯೇ ಹೀಗೆ!

ನಮ್ಮಂಥ ಮಧ್ಯಮ ವರ್ಗದ ಮನೆಗೆ ಕ್ಯಾಮೆರಾ ತಂದದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ತ್ರೀ. ಬಿಸಿಲು, ಮೋಡ ಎಂಬ ಗುರುತು ನೋಡಿ ಗುಂಡಿ ಒತ್ತಿದರಾಯಿತು. ರೋಲಿಗೆ ಹನ್ನೆರಡೇ ಚಿತ್ರ. 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಎಂಬ ಹೆಸರಿನಲ್ಲಿ ಕಪ್ಪು-ಬಿಳುಪು ಫಿಲ್ಮು ಮಾರುತ್ತಿತ್ತು. ಹನ್ನೆರಡೇ ಎಂದ ಮೇಲೆ ಲೆಕ್ಕಾಚಾರ ಬೇಡವೆ? ಗುಡಿಯ ಮುಂದೆ ಎರಡು, ಅಣೆಕಟ್ಟಿನ ಮೇಲೆ ಮೂರು, ಬುತ್ತಿ ಬಿಚ್ಚಿದಾಗ ಒಂದು. ದಸರಾ ದೀಪಾಲಂಕಾರ ಅದರಲ್ಲಿ ಮೂಡುತ್ತಿರಲಿಲ್ಲ, ಬಿಡಿ. ಸೂರ್ಯ ಬೆನ್ನ ಹಿಂದಿರಬೇಕೆಂಬ ನಿಯಮದಿಂದಾಗಿ ಎದುರಿಗೆ ನಿಂತವರೆಲ್ಲ ಕಣ್ಣು ಕಿರಿದು ಮಾಡಿರುತ್ತಿದ್ದರು. ತೆಗೆದವರ ನೆರಳು ಅವರ ಕಾಲ ಬಳಿ ಚಾಚಿಕೊಂಡಿರುತ್ತಿತ್ತು.

ಒಮ್ಮೆ ಎಂಟನೆಯ ತರಗತಿಯವರಿಗೆ ಮನೆಯಿಂದ ಹಳೆಯ ಫೋಟೋ ಒಂದೊಂದು ತರಲು ಹೇಳಿದ್ದೆ. ಒಬ್ಬ ಹುಡುಗಿ ತಂದದ್ದರಲ್ಲಿ ಜೋಗದ ಎದುರು ಐವರು ಹೆಂಗಸರಿದ್ದರು. “ಯಾರದೋ ಮದುವೆಗೆ ಹೋದಾಗ ತೆಗೆದದ್ದಂತೆ ಮಿಸ್” ಎಂದಳು. ಅಜ್ಜಿಯನ್ನೇ ಕೇಳಿ ಬಾ ಎಂದೆ. ಮರುದಿನ ಓಡಿ ಬಂದಳು. ಮದುವೆಯೂ ಇಲ್ಲ, ಮುಂಜಿಯೂ ಇಲ್ಲ. ಹೊಲಿಗೆ ಕ್ಲಾಸಿನ ಗೆಳತಿಯರು ಕೂಡಿಟ್ಟ ದುಡ್ಡಿನಲ್ಲಿ, ಜೊತೆಗೆ ಗಂಡಸರಿಲ್ಲದೆ, ಬಸ್ಸು ಹತ್ತಿ ಹೋಗಿದ್ದರು! ಹುಲ್ಲಿನ ಮೇಲಿದ್ದ ಆರನೆಯ ನೆರಳು ಹೊಲಿಗೆ ಕಲಿಸುತ್ತಿದ್ದ ಟೀಚರದು. ಮನೆಯಲ್ಲಿ ಯಾರಿಗೂ ಗೊತ್ತಿರದ ಈ ಸಾಹಸ ಫೋಟೋದಲ್ಲೇ ಇತ್ತು. ಹಿಂಬದಿಯಲ್ಲಿ ಮಾತ್ರ ಒಂದಕ್ಷರವಿರಲಿಲ್ಲ. ಹುಡುಗಿ ಎಲ್ಲರ ಹೆಸರು ಬರೆದುಕೊಂಡಳು. ಟೀಚರ ಹೆಸರೊಂದು ಅಜ್ಜಿಗೆ ನೆನಪಾಗಲಿಲ್ಲ. ಆ ಜಾಗ ಖಾಲಿಯೇ ಉಳಿಯಿತು.

ರಾಜರ ಯುದ್ಧಕ್ಕೆ ಶಾಸನವಿದೆ. ಹೆಂಗಸೊಬ್ಬಳು ಮೊದಲ ಬಾರಿ ತನ್ನ ದುಡ್ಡಿನಲ್ಲಿ ಟಿಕೆಟ್ ಕೊಂಡು ಊರು ನೋಡಿದ್ದಕ್ಕೆ ಯಾವ ಶಾಸನವಿದೆ? ಇರುವುದು ಅಂಗೈಯಗಲದ ಈ ಕಾಗದ. ಅದರಲ್ಲೂ ಆಕೆ ಹೆಸರಿಲ್ಲದವಳಾದರೆ, ನೋಡುವವರಿಗೆ ‘ಇಂಥವರ ಹೆಂಡತಿ’ಯಾಗಿ, ಆಮೇಲೆ ‘ಯಾರೋ ಒಬ್ಬರು’ ಆಗಿಬಿಡುತ್ತಾಳೆ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಒಂದು ತಿರುಗಾಟಕ್ಕೆ ಇನ್ನೂರು ಫೋಟೋ. ಮನೆ ತಲುಪುವ ಮೊದಲೇ ನೆಂಟರಿಗೆಲ್ಲ ರವಾನೆ. ಒಳ್ಳೆಯದೇ. ಆದರೆ ಇನ್ನೂರರಲ್ಲಿ ಹತ್ತನ್ನಾದರೂ ಆರಿಸಿ ಕಾಗದದ ಮೇಲೆ ಮುದ್ರಿಸಿಡಿ. ಹಳೆಯ ಆಲ್ಬಮ್ಮುಗಳನ್ನೂ ಅಟ್ಟದಿಂದ ಇಳಿಸಿ. ಬಾಲ್‌ಪೆನ್ನು ಬೇಡ, ಅದರ ಒತ್ತು ಮುಂಬದಿಗೆ ಮೂಡುತ್ತದೆ; ಮೆತ್ತನೆಯ ಪೆನ್ಸಿಲ್ ಸಾಕು. ಊರು, ವರ್ಷ, ನಿಂತವರ ಹೆಸರು, ಮರೆಯದೆ ತೆಗೆದವರ ಹೆಸರು. ಅತ್ತೆಯೋ ದೊಡ್ಡಮ್ಮನೋ ಮನೆಯಲ್ಲಿದ್ದರೆ ಇವತ್ತೇ ಅವರ ಪಕ್ಕ ಕೂತು ಕೇಳಿ. ಅಡಿಗೆ ಅರ್ಧ ಗಂಟೆ ತಡವಾದರೂ ಚಿಂತೆಯಿಲ್ಲ.