ಅಂಡಾಶಯದ ಸಿಸ್ಟ್: ಕೆ.ಜಿ.ಎಫ್. ಮತ್ತು ಬಂಗಾರಪೇಟೆಯಲ್ಲಿ ತಜ್ಞ ಚಿಕಿತ್ಸೆ

ಅಂಡಾಶಯದ ಒಳಗೆ ಅಥವಾ ಮೇಲೆ ದ್ರವ ತುಂಬಿಕೊಂಡು ಬೆಳೆಯುವ ಗುಳ್ಳೆಯೇ ಅಂಡಾಶಯದ ಸಿಸ್ಟ್. ಮುಟ್ಟು ನಿಲ್ಲದ ವಯಸ್ಸಿನಲ್ಲಿ ಇದು ಸಾಮಾನ್ಯ. ಬಹುಪಾಲು ಸಿಸ್ಟ್‌ಗಳು ಕ್ಯಾನ್ಸರ್ ಅಲ್ಲ. ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಅಕಸ್ಮಾತ್ತಾಗಿ ಕಾಣುವುದೂ ಉಂಟು. ಮುಂದೆ ಯಾವ ಆಸ್ಪತ್ರೆಗೆ, ಎಷ್ಟು ಬೇಗ ಹೋಗಬೇಕೆಂಬುದು ಸಿಸ್ಟ್‌ನ ಸ್ವರೂಪ, ಗಾತ್ರ, ರೋಗಿಯ ವಯಸ್ಸು ಮತ್ತು ತೊಂದರೆಗಳನ್ನು ಅವಲಂಬಿಸಿದೆ.

ಬಗೆಗಳು

ಅಂಡಾಣು ಬಿಡುಗಡೆಯ ಚಕ್ರದಲ್ಲೇ ಹುಟ್ಟುವ ಸಿಸ್ಟ್‌ಗಳು ಸಾಮಾನ್ಯವಾಗಿ ಎರಡು ಮೂರು ಮುಟ್ಟಿನೊಳಗೆ ತಾವಾಗಿ ಕರಗುತ್ತವೆ. ಕೂದಲು, ಕೊಬ್ಬು ತುಂಬಿರುವ ಡರ್ಮಾಯ್ಡ್, ಎಂಡೊಮೆಟ್ರಿಯೋಸಿಸ್‌ನಿಂದಾಗುವ ಚಾಕೊಲೇಟ್ ಸಿಸ್ಟ್, ಸಿಸ್ಟಡಿನೋಮ ಇವು ಹಾಗೆ ಕರಗುವುದಿಲ್ಲ. ಪಿಸಿಒಡಿ ಹಾರ್ಮೋನಿಗೆ ಸಂಬಂಧಿಸಿದ ಬೇರೆಯೇ ಸಮಸ್ಯೆ.

ವರದಿ ಮತ್ತು ಪರೀಕ್ಷೆ

‘ಸಿಂಪಲ್ ಸಿಸ್ಟ್, 4 ಸೆಂ.ಮೀ.’ ಎಂಬ ವರದಿಯಿದ್ದು ನೋವಿಲ್ಲದಿದ್ದರೆ, ಮುಟ್ಟು ನಿಲ್ಲದವರಿಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗದು. 5ರಿಂದ 7 ಸೆಂ.ಮೀ. ಇದ್ದರೆ ಮರುಸ್ಕ್ಯಾನಿಂಗ್, ಅದಕ್ಕೂ ದೊಡ್ಡದಾದರೆ ಎಂಆರ್‌ಐ ಅಥವಾ ಶಸ್ತ್ರಚಿಕಿತ್ಸೆಯ ಆಲೋಚನೆ. ಒಳಗೆ ಗಟ್ಟಿ ಭಾಗ, ದಪ್ಪ ಗೋಡೆಗಳು, ಎರಡೂ ಅಂಡಾಶಯಗಳಲ್ಲಿ ಗಡ್ಡೆ, ಹೊಟ್ಟೆಯಲ್ಲಿ ನೀರು ಇವುಗಳಲ್ಲಿ ಯಾವುದು ಕಂಡರೂ, ಅಥವಾ ಮುಟ್ಟು ನಿಂತ ಮೇಲೆ ಸಿಸ್ಟ್ ಕಂಡರೆ, ತಡಮಾಡದೆ ತಜ್ಞರನ್ನು ಕಾಣಬೇಕು. ರಕ್ತದ ಸಿಎ-125 ಅಂಶ 35 ಯೂನಿಟ್ ದಾಟಿತೆಂದ ಮಾತ್ರಕ್ಕೆ ಕ್ಯಾನ್ಸರ್ ಎನ್ನಲಾಗದು. ಮುಟ್ಟಿನ ದಿನಗಳಲ್ಲಿ, ಎಂಡೊಮೆಟ್ರಿಯೋಸಿಸ್‌ನಲ್ಲಿ, ಹೊಟ್ಟೆಯ ಕ್ಷಯದಲ್ಲೂ ಅದು ಏರುತ್ತದೆ.

ಸ್ಥಳೀಯ ವ್ಯವಸ್ಥೆ

ಕೆ.ಜಿ.ಎಫ್.ನ ಚಿನ್ನದ ಗಣಿಯ ಕಾಲದಲ್ಲಿ ಕಾರ್ಮಿಕ ಕುಟುಂಬಗಳಿಗೆ ಚಾಂಪಿಯನ್ ರೀಫ್ಸ್‌ನ ಕಂಪನಿ ಆಸ್ಪತ್ರೆಯೇ ಆಸರೆಯಾಗಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಆ ಸೌಕರ್ಯ ಕೈತಪ್ಪಿತು. ಈಗ ಮೊದಲ ತಪಾಸಣೆಗೆ ರಾಬರ್ಟ್‌ಸನ್‌ಪೇಟೆಯ ಸಾರ್ವಜನಿಕ ಆಸ್ಪತ್ರೆ, ಬಂಗಾರಪೇಟೆಯ ತಾಲ್ಲೂಕು ಆಸ್ಪತ್ರೆ ಇವೆ. ಮುಂದಿನ ಹಂತಕ್ಕೆ ಕೋಲಾರದ ಎಸ್‌.ಎನ್‌.ಆರ್. ಜಿಲ್ಲಾ ಆಸ್ಪತ್ರೆ ಹಾಗೂ ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿಗೆ ಸೇರಿದ ಆರ್.ಎಲ್. ಜಾಲಪ್ಪ ಆಸ್ಪತ್ರೆ.

ಕ್ಯಾನ್ಸರ್ ಶಂಕೆಯಿದ್ದರೆ ಸ್ತ್ರೀರೋಗ ಕ್ಯಾನ್ಸರ್ ತಜ್ಞರೇ ಮೊದಲ ಶಸ್ತ್ರಚಿಕಿತ್ಸೆ ಮಾಡುವುದು ಒಳಿತು. ಸೀಮಿತ ಹಂತದ ಗಡ್ಡೆ ಶಸ್ತ್ರಚಿಕಿತ್ಸೆಯ ವೇಳೆ ಒಡೆದರೆ ರೋಗದ ಹಂತವೇ ಮೇಲೇರುತ್ತದೆ; ಸೂಜಿ ಹಾಕಿ ನೀರು ತೆಗೆಸುವುದೂ ಇದೇ ಕಾರಣಕ್ಕೆ ಸಲ್ಲದು. ಇಂಥವರಿಗೆ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಗಂಥಿ (ಕ್ಯಾನ್ಸರ್) ಸಂಸ್ಥೆಯಿದೆ. ಮಾರಿಕುಪ್ಪಂನಿಂದ ಬಂಗಾರಪೇಟೆ ಜಂಕ್ಷನ್ ಮೂಲಕ ಬೆಂಗಳೂರಿಗೆ ನಿತ್ಯ ದುಡಿಮೆಗೆ ಹೋಗುವವರ ರೈಲುಗಳೇ ರೋಗಿಗಳಿಗೂ ಅನುಕೂಲ. ಸ್ಕ್ಯಾನಿಂಗ್ ಫಿಲ್ಮ್, ಹಳೆಯ ವರದಿಗಳು, ಕೊನೆಯ ಮುಟ್ಟಿನ ದಿನಾಂಕ ಜೊತೆಗಿದ್ದರೆ ಪರೀಕ್ಷೆಗಳ ಪುನರಾವರ್ತನೆ ತಪ್ಪಬಹುದು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕೇ ಎಂದು ಕೇಳಿಕೊಳ್ಳಬೇಕು.

ತುರ್ತು ಸ್ಥಿತಿ

ಕಿಬ್ಬೊಟ್ಟೆಯ ಒಂದು ಬದಿಗೆ ಥಟ್ಟನೆ ತೀವ್ರ ನೋವು, ಜೊತೆಗೆ ವಾಂತಿ ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು. ತಲೆಸುತ್ತು, ಬೆವರು ಇದ್ದರೆ ಸಿಸ್ಟ್ ಒಡೆದು ಒಳಗೆ ರಕ್ತಸ್ರಾವವಾಗಿರಬಹುದು. ಆಗ ಹೊರರೋಗಿ ವಿಭಾಗದ ಸರದಿಗೆ ಕಾಯದೆ 108 ಆಂಬ್ಯುಲೆನ್ಸ್‌ನಲ್ಲಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಕೆಲವು ಗಂಟೆಗಳ ವಿಳಂಬವೂ ಅಂಡಾಶಯಕ್ಕೆ ಕುತ್ತು ತರಬಲ್ಲದು.